ಮೆಟ್ರೋ ಪಕ್ಕದಲ್ಲಿ ಯಾರ ಮನೆ ಇರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮೆಟ್ರೋ ಕಂಬ ಏಳುವ ಮೊದಲೇ ಬಾಡಿಗೆ ಏಳುತ್ತದೆ. ಬಡಾವಣೆಯ ಸಭೆಗಳಲ್ಲಿ, ಟೀ ಅಂಗಡಿಯ ಮುಂದೆ, ಬಸ್ ಕಾಯುತ್ತಾ ನಿಂತಾಗ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಬಾಡಿಗೆದಾರರ ಪಕ್ಷ. ಓದುತ್ತಾ ಹೋದರೆ ಅದು ಹೇಗೂ ತಿಳಿಯುತ್ತದೆ, ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

'ಸಾರಿಗೆ ಆಧಾರಿತ ಅಭಿವೃದ್ಧಿ' ಎಂದರೇನು?

ಮೆಟ್ರೋ, ರೈಲು ಅಥವಾ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಮನೆ, ಅಂಗಡಿ, ಶಾಲೆ, ಕಚೇರಿಗಳನ್ನು ಒತ್ತಾಗಿ ಕಟ್ಟಿ, ಜನ ಸ್ವಂತ ವಾಹನ ಇಲ್ಲದೆ ದಿನ ಕಳೆಯುವಂತೆ ಮಾಡುವುದು. ಕೇಂದ್ರ ಸರ್ಕಾರ 2017ರಲ್ಲಿ ಇದಕ್ಕೊಂದು ರಾಷ್ಟ್ರೀಯ ನೀತಿ ತಂದಿತು. ನಿಲ್ದಾಣದ ಸುತ್ತ 500ರಿಂದ 800 ಮೀಟರ್, ಅಂದರೆ ಸುಮಾರು ಹತ್ತು ನಿಮಿಷದ ನಡಿಗೆಯನ್ನು ಅದು 'ಪ್ರಭಾವ ವಲಯ' ಎಂದು ಕರೆಯುತ್ತದೆ. ನಮ್ಮ ನಗರ ಭೂ ಸಾರಿಗೆ ನಿರ್ದೇಶನಾಲಯವೂ ಬೆಂಗಳೂರಿಗೆಂದೇ ಪ್ರತ್ಯೇಕ ನೀತಿ ರೂಪಿಸಿದೆ.

ಹೆಸರು ಹೊಸದು, ಸಂಗತಿ ಹಳೆಯದು. ರೈಲು ನಿಲ್ದಾಣ ಮತ್ತು ಬಸ್ ನಿಲ್ದಾಣ ಎದುರುಬದುರಾಗಿ ಇದ್ದುದರಿಂದಲೇ ಗಾಂಧಿನಗರದ ಲಾಡ್ಜುಗಳು, ಖಾನಾವಳಿಗಳು, ಕಾಟನ್‌ಪೇಟೆಯ ಮಹಡಿ ಮೇಲಿನ ರೂಮುಗಳು ಬೆಳೆದವು. ಊರಿನಿಂದ ಟ್ರಂಕು ಹಿಡಿದು ಬಂದವನಿಗೆ ಇಳಿದ ಜಾಗದಲ್ಲೇ ತಲೆ ಮೇಲೊಂದು ಸೂರು ಸಿಗುತ್ತಿತ್ತು. ಅದನ್ನು ಯಾವ ನೀತಿಯೂ ಕಟ್ಟಲಿಲ್ಲ.

ಇದಕ್ಕೂ ನನ್ನ ಬಾಡಿಗೆ ಮನೆಗೂ ಏನು ಸಂಬಂಧ?

ಒಂದು ಕಟ್ಟಡದ ಕಥೆ ಹೇಳುತ್ತೇನೆ. ತುಮಕೂರು ರಸ್ತೆಯ ದಾಸರಹಳ್ಳಿ ನಿಲ್ದಾಣದ ಹಿಂದಿನ ಒಂದು ಅಡ್ಡರಸ್ತೆ. 30x40 ಸೈಟು, ನೆಲಮಹಡಿಯಲ್ಲಿ ಓನರ್, ಮೇಲೆ ಮೂರು ಅಂತಸ್ತು, ಅಂತಸ್ತಿಗೆ ಎರಡು ಪೋರ್ಷನ್. ಮೆಟ್ಟಿಲ ಕೆಳಗೆ ಸಾಲಾಗಿ ಏಳು ವಿದ್ಯುತ್ ಮೀಟರು, ಪ್ರತಿಯೊಂದರ ಮೇಲೂ ಕೆಂಪು ಪೇಂಟಿನಲ್ಲಿ ಮನೆ ನಂಬರು. ಬೆಳಗ್ಗೆ ಆರಕ್ಕೆ ಸಂಪಿನ ಮೋಟಾರು ಹಾಕುವ ಸರದಿ ಯಾರದೆಂದು ಗೋಡೆಗೆ ಅಂಟಿಸಿದ ಕ್ಯಾಲೆಂಡರಿನ ಮೇಲೆ ಬರೆದಿರುತ್ತಿತ್ತು. ಒಂದು ಪೋರ್ಷನ್‌ನಲ್ಲಿ ಗಾರ್ಮೆಂಟ್ಸ್ ಟೈಲರ್ ಮತ್ತು ಆಕೆಯ ಇಬ್ಬರು ಮಕ್ಕಳು, ಪಕ್ಕದಲ್ಲಿ ಪೀಣ್ಯದಲ್ಲಿ ಲೇತ್ ಓಡಿಸುವವರು, ಮೇಲೆ ನರ್ಸಿಂಗ್ ಓದುವ ನಾಲ್ಕು ಹುಡುಗಿಯರು, ಕೊನೆಯ ಮಹಡಿಯಲ್ಲಿ ಒಬ್ಬ ಆಟೋ ಚಾಲಕ.

ಪೀಣ್ಯ ಇಂಡಸ್ಟ್ರಿಯಿಂದ ನಾಗಸಂದ್ರದವರೆಗಿನ ಹಸಿರು ಮಾರ್ಗ 2015ರ ಮೇ ತಿಂಗಳಲ್ಲಿ ತೆರೆಯಿತು. ಮೊದಲ ಕೆಲವು ವರ್ಷ ಏನೂ ಆಗಲಿಲ್ಲ. ಆಮೇಲೆ ಪಕ್ಕದ ಸೈಟಿನವರು ಮಾರಿದರು, ಓನರ್ ಮಕ್ಕಳು ತಮ್ಮದನ್ನೂ ಸೇರಿಸಿ ಕೊಟ್ಟರು, ಎರಡೂ ಸೈಟು ಒಂದಾಗಿ ಪಿಜಿ ಕಟ್ಟಡ ಎದ್ದಿತು. ಟೈಲರ್ ಅಮ್ಮನವರು ಮಾದನಾಯಕನಹಳ್ಳಿಯ ಆಚೆಗೆ ಹೋದರು. ಈಗ ಅವರು ಕೆಲಸಕ್ಕೆ ಬರುವುದು ಬಸ್ಸಿನಲ್ಲಿ. 'ರೈಲು ತಲೆ ಮೇಲೆಯೇ ಹೋಗುತ್ತಿರುತ್ತದೆ, ಕಿಟಕಿಯಿಂದ ನೋಡುತ್ತಿರುತ್ತೇನೆ ಸರ್' ಎಂದರು.

ಸಂಬಂಧ ಇಷ್ಟೇ. ನಿಲ್ದಾಣದಿಂದ ಅತಿ ಹೆಚ್ಚು ಉಪಯೋಗ ಆಗಬೇಕಾದವರು ಅದರ ಪಕ್ಕದಿಂದ ಮೊದಲು ಖಾಲಿ ಮಾಡುತ್ತಾರೆ. ಅವರ ಜಾಗಕ್ಕೆ ಬರುವವರಲ್ಲಿ ಎಷ್ಟೋ ಮಂದಿಗೆ ಎರಡು ಕಾರು ನಿಲ್ಲಿಸಲು ಜಾಗ ಬೇಕು.

ಎಫ್‌ಎಆರ್ ಎಂದು ಎಲ್ಲರೂ ಹೇಳುತ್ತಾರೆ. ಹಾಗೆಂದರೇನು?

ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎನ್ನುವ ಲೆಕ್ಕ. 30x40 ಎಂದರೆ 1,200 ಚದರ ಅಡಿ. ಎಫ್‌ಎಆರ್ 1.75 ಇದ್ದರೆ ಎಲ್ಲ ಮಹಡಿ ಸೇರಿ 2,100 ಚದರ ಅಡಿ ಕಟ್ಟಬಹುದು, 4 ಇದ್ದರೆ 4,800. ಸುತ್ತ ಬಿಡಬೇಕಾದ ಜಾಗ, ರಸ್ತೆಯ ಅಗಲ, ಅಗ್ನಿಶಾಮಕ ನಿಯಮ ಸೇರಿದರೆ ಸಣ್ಣ ಸೈಟಿನಲ್ಲಿ ಅಷ್ಟನ್ನು ಕಟ್ಟಲು ಆಗುವುದೇ ಇಲ್ಲ. ಹೆಚ್ಚಿನ ಎಫ್‌ಎಆರ್ ದಕ್ಕಬೇಕಾದರೆ ನಾಲ್ಕೈದು ಸೈಟು ಒಬ್ಬರ ಕೈಗೆ ಸೇರಬೇಕು. ಹಾಗೆ ಸೇರಿಸಿಕೊಳ್ಳುವ ಶಕ್ತಿ ಇರುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನಲ್ಲಿ ಇದು ನಿನ್ನೆ ಮೊನ್ನೆಯ ವಿಚಾರವಲ್ಲ. 2007ರಲ್ಲಿ ಜಾರಿಗೆ ಬಂದ, 2015ರವರೆಗೆ ನಗರ ಹೇಗೆ ಬೆಳೆಯಬೇಕೆಂದು ಹೇಳಿದ 'ಪರಿಷ್ಕೃತ ಮಹಾ ಯೋಜನೆ 2015' ಮೆಟ್ರೋ ನಿಲ್ದಾಣದಿಂದ 150 ಮೀಟರ್ ಒಳಗೆ ಎಫ್‌ಎಆರ್ 4ಕ್ಕೆ ದಾರಿ ತೆರೆದಿತ್ತು. ಹಾಗೆ ಸಿಗುವ ಹೆಚ್ಚುವರಿ ಮಹಡಿಗಳಲ್ಲಿ ಕಡಿಮೆ ಆದಾಯದವರಿಗೆ ಇಷ್ಟು ಮನೆ ಎಂಬ ಷರತ್ತು ಅದರ ಜೊತೆ ಇರಲಿಲ್ಲ. ನನ್ನ ಮುಖ್ಯ ತಕರಾರು ಇಲ್ಲಿದೆ. ಎಫ್‌ಎಆರ್ ಎಂದರೆ ಸರ್ಕಾರ ಗಾಳಿಯಲ್ಲಿ ಅಳೆದುಕೊಡುವ ಜಮೀನು. ಅದರ ಬೆಲೆ ಏರಿದ್ದು ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ ನಿಲ್ದಾಣದಿಂದ. ಕೊಡುವಾಗ ಮರಳಿ ಏನನ್ನಾದರೂ ಕೇಳುವುದು ನ್ಯಾಯ.

ಹೀಗೆ ಕಟ್ಟುವವರಿಂದ ಸರ್ಕಾರ ಸೆಸ್ ಮತ್ತು ಶುಲ್ಕ ವಸೂಲು ಮಾಡುತ್ತಿದೆಯಲ್ಲ?

ಮಾಡುತ್ತದೆ. ಅದರ ಉದ್ದೇಶ ಮುಖ್ಯವಾಗಿ ಮೆಟ್ರೋದಂಥ ಮೂಲಸೌಕರ್ಯಕ್ಕೆ ಹಣ ಹೊಂದಿಸುವುದು. ಅದು ತಪ್ಪಲ್ಲ. ಆದರೆ ಆ ಹಣದಲ್ಲಿ ಒಂದು ಪಾಲು ಅದೇ ನಿಲ್ದಾಣದ ವಲಯದಲ್ಲಿ ಬಾಡಿಗೆ ಮನೆಗೆ ಎಂದು ತೆಗೆದಿಡದಿದ್ದರೆ ಟೈಲರ್ ಅಮ್ಮನವರಿಗೆ ಅದರಿಂದ ಏನೂ ಬಂದಂತಾಗುವುದಿಲ್ಲ.

ಹೆಚ್ಚು ಮನೆ ಕಟ್ಟಿದರೆ ಬೆಲೆ ತಾನಾಗಿಯೇ ಇಳಿಯುವುದಿಲ್ಲವೇ?

ಇಡೀ ನಗರದಲ್ಲಿ, ಹಲವು ವರ್ಷಗಳಲ್ಲಿ, ಸ್ವಲ್ಪ ಮಟ್ಟಿಗೆ ಹೌದು. ಮನೆಗಳ ಕೊರತೆ ಇರುವ ಊರಿನಲ್ಲಿ ಕಟ್ಟಬೇಡಿ ಎನ್ನುವವನು ನಾನಲ್ಲ. ಆದರೆ ನಿಲ್ದಾಣದ ಪಕ್ಕದ ಆರು ಪೋರ್ಷನ್ ಒಡೆದು ಅಲ್ಲಿ ದುಬಾರಿ ಫ್ಲಾಟ್ ಬಂದರೆ ಆ ಆರು ಕುಟುಂಬಗಳಿಗೆ ಮುಂದಿನ ತಿಂಗಳೇ ಮನೆ ಬೇಕು. ಬೆಲೆ ಇಳಿಯುವವರೆಗೆ ಅವರು ಹತ್ತು ವರ್ಷ ಕಾಯುವಂತಿಲ್ಲ.

ಇನ್ನೊಂದು ಮಾತು ಯೋಜನಾ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಬೆಂಗಳೂರಿನ ಅಗ್ಗದ ಬಾಡಿಗೆ ಮನೆಗಳಲ್ಲಿ ಬಹುಪಾಲು ಸರ್ಕಾರ ಕಟ್ಟಿದವಲ್ಲ, ದೊಡ್ಡ ಬಿಲ್ಡರುಗಳು ಕಟ್ಟಿದವೂ ಅಲ್ಲ. ಪಿಂಚಣಿಗೆ ಆಸರೆ ಇರಲಿ ಎಂದು ಸಣ್ಣ ಸೈಟಿನ ಮಾಲೀಕರು ಕಟ್ಟಿಸಿದವು. ಎಷ್ಟೋ ಕಡೆ ಮಂಜೂರಾದ ನಕ್ಷೆಯನ್ನು ಮೀರಿ ಎದ್ದ ಮೂರನೆಯ ಮಹಡಿಯೇ ಗಾರ್ಮೆಂಟ್ಸ್ ಕೆಲಸಗಾರರ ಮನೆ. ಸ್ವಾಧೀನ ಪ್ರಮಾಣ ಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸ ಮಾಡಬಹುದು ಎಂಬ ಪತ್ರ) ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಕೂಡದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿತು. ಸುರಕ್ಷತೆಯ ದೃಷ್ಟಿಯಿಂದ ಅದನ್ನು ಅಲ್ಲಗಳೆಯಲಾಗದು. ಆದರೆ ಇಂಥ ಮನೆಗಳನ್ನು ಸಕ್ರಮವಾಗಿ, ಭದ್ರವಾಗಿ, ಗಾಳಿ ಬೆಳಕು ಬರುವಂತೆ ಕಟ್ಟಲು ಸಣ್ಣ ಮಾಲೀಕರಿಗೆ ಒಂದು ಸುಲಭದ ದಾರಿಯೂ ಇರಬೇಕಲ್ಲ?

ಹಾಗಾದರೆ ವಠಾರಗಳ ಕಾಲಕ್ಕೆ ಮರಳಬೇಕೇ?

ಸಾಮೂಹಿಕ ಪಾಯಿಖಾನೆಯ ಮುಂದೆ ಬಕೆಟ್ ಹಿಡಿದು ನಿಂತ ನೆನಪಿರುವ ಯಾರೂ ಹಾಗೆ ಹೇಳುವುದಿಲ್ಲ. ಆದರೂ ವಠಾರದಲ್ಲಿ ಒಂದು ಬುದ್ಧಿವಂತಿಕೆ ಇತ್ತು. ಒಂದೇ ಅಂಗಳದ ಸುತ್ತ ಗುಮಾಸ್ತರು, ಮೇಷ್ಟ್ರು, ಹೋಟೆಲ್ ಮಾಣಿ, ವಿಧವೆ ಅಜ್ಜಿ ಎಲ್ಲರೂ ಇರುತ್ತಿದ್ದರು. ಪೇಟೆ, ಬಸವನಗುಡಿ, ಮಲ್ಲೇಶ್ವರದ ವಠಾರಗಳು ಮಾರುಕಟ್ಟೆಗೂ ಬಸ್ಸಿಗೂ ಹತ್ತಿರವೇ ಇದ್ದವು. ನೀರಿನ ಜಗಳ ಇತ್ತು, ಜಾತಿಯ ಜಗಳವೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಸಣ್ಣ ಅಳತೆಯ, ಒತ್ತಾದ, ಪ್ರತಿ ಮನೆಗೂ ಬೇರೆ ಬಚ್ಚಲು ಇರುವ, ನಾಲ್ಕು ಮಹಡಿಯ ಬಾಡಿಗೆ ಕಟ್ಟಡ ಬೆಂಗಳೂರಿನ ಜಾಯಮಾನಕ್ಕೆ ಒಗ್ಗುತ್ತದೆ. ಇಪ್ಪತ್ತೈದು ಮಹಡಿಯ ಗೋಪುರವೇ ಬೇಕೆಂದಿಲ್ಲ.

'ಕೈಗೆಟುಕುವ' ಮನೆ ಎಂದರೆ ಎಷ್ಟು?

ಬಾಡಿಗೆಯೊಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಬಾಡಿಗೆ ಮತ್ತು ಓಡಾಟದ ಖರ್ಚು ಎರಡನ್ನೂ ಕೂಡಿಸಬೇಕು. ನಗರದಂಚಿಗೆ ಹೋದರೆ ಬಾಡಿಗೆ 4,000 ರೂಪಾಯಿ ಕಡಿಮೆ ಎಂದಿಟ್ಟುಕೊಳ್ಳಿ. 2025ರ ಫೆಬ್ರವರಿಯ ದರ ಪರಿಷ್ಕರಣೆಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಆ ಗರಿಷ್ಠ ದರ ಕೊಡುವಷ್ಟು ದೂರದಿಂದ ಬರುವವರು ಹೋಗಿಬರಲು 180, ತಿಂಗಳಿಗೆ 26 ದಿನವಾದರೆ 4,680. ಸ್ಮಾರ್ಟ್ ಕಾರ್ಡಿನ ರಿಯಾಯಿತಿ ಕಳೆದರೂ ಉಳಿಸಿದ್ದೆಲ್ಲ ಗೇಟಿನಲ್ಲೇ ಹೋಯಿತು.

ಇನ್ನು ಮನೆಯಿಂದ ನಿಲ್ದಾಣಕ್ಕೆ. ಮೆಟ್ರೋದ ಕನಿಷ್ಠ ದರ 10 ರೂಪಾಯಿ. ಆ ನಿಲ್ದಾಣ ತಲುಪಲು ಆಟೋ ಹತ್ತಿದರೆ ಅದರ ಕನಿಷ್ಠ ದರ 2025ರ ಆಗಸ್ಟಿನಿಂದ 36 ರೂಪಾಯಿ. ಮೀಟರ್ ಹಾಕಿದರೆ ಎನ್ನುವುದನ್ನು ಸೇರಿಸಿ ಓದಿಕೊಳ್ಳಿ.

ಮೆಟ್ರೋ ಇರುವಾಗ ಬಸ್ಸಿನ ಮಾತೇಕೆ?

ಏಕೆಂದರೆ ಬಡವರ ಸಾರಿಗೆ ಇಂದಿಗೂ ನಗರದ ಬಸ್ ಸಂಸ್ಥೆ ಬಿಎಂಟಿಸಿಯೇ. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ. ಮನೆಗೆಲಸಕ್ಕೆ ಹೋಗುವ ಮಹಿಳೆ ಒಂದು ದಿನಕ್ಕೆ ಮೂರು ಮನೆ, ಮೂರು ಬಡಾವಣೆ ಸುತ್ತುತ್ತಾರೆ. ಅವರ ದಾರಿ ಯಾವ ಬಣ್ಣದ ಮಾರ್ಗದ ಮೇಲೂ ಇಲ್ಲ. ನಿಲ್ದಾಣದ ವಲಯಕ್ಕೆ ಸಿಗುವ ನಿಯಮ, ಅನುದಾನ, ಪಾದಚಾರಿ ಮಾರ್ಗ ಎಲ್ಲವೂ ಹತ್ತು ನಿಮಿಷಕ್ಕೊಂದು ಬಸ್ ಬರುವ ರಸ್ತೆಗೂ ಸಿಗಬೇಕು. 500-ಡಿ ಬಸ್ ಓಡುವ ಹೊರ ವರ್ತುಲ ರಸ್ತೆಯಲ್ಲಿ 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಬಸ್ಸಿಗೆಂದೇ ಪ್ರತ್ಯೇಕ ಪಥ ಮಾಡಿದ್ದರು. ಕಾರಿನವರು ಸಿಟ್ಟಾದರು, ಬಸ್ಸಿನವರು ಬೇಗ ಮನೆ ಸೇರಿದರು. ನಂತರ ಮೆಟ್ರೋ ಕಾಮಗಾರಿ ಬಂತು, ಪಥ ಹೋಯಿತು. ರೈಲು ಬಂದ ಮೇಲೂ ಆ ಪಥ ವಾಪಸ್ ಬರಬೇಕೆಂದು ಈಗಿನಿಂದಲೇ ಕೇಳಬೇಕು.

ನಿಲ್ದಾಣದ ಪಕ್ಕ ಪಾರ್ಕಿಂಗ್ ಜಾಗ ಬೇಕಲ್ಲವೇ?

ಕೊನೆಯ ನಿಲ್ದಾಣಗಳಲ್ಲಿ ಸ್ವಲ್ಪ ಇರಲಿ. ನಗರದ ಒಳಗೆ ಬೇಡ. ಒಂದು ಕಾರು ಹಗಲಿಡೀ ಮಲಗುವ ಜಾಗದಲ್ಲಿ, ಓಡಾಡಲು ಬಿಡುವ ಜಾಗವನ್ನೂ ಸೇರಿಸಿದರೆ, ಒಂದು ಸಣ್ಣ ಪೋರ್ಷನ್ ಆಗುತ್ತದೆ.

ಕಾಲುದಾರಿ ಅಷ್ಟು ದೊಡ್ಡ ವಿಷಯವೇ?

ಬೆಳಗ್ಗೆ ಏಳಕ್ಕೆ ಯಾವುದಾದರೂ ನಿಲ್ದಾಣದಿಂದ 600 ಮೀಟರ್ ದೂರದ ಮನೆಯಿಂದ ನಡೆದು ನೋಡಿ. ಮೊದಲು ಟ್ರಾನ್ಸ್‌ಫಾರ್ಮರ್, ಅದರ ಬೇಲಿ ಸುತ್ತಿ ರಸ್ತೆಗಿಳಿಯಬೇಕು. ಆಮೇಲೆ ಚರಂಡಿಯ ಚಪ್ಪಡಿ, ಒಂದು ಕುಳಿತಿದೆ, ಇನ್ನೊಂದು ಇಲ್ಲವೇ ಇಲ್ಲ. ಪ್ರತಿ ಗೇಟಿನ ಮುಂದೆ ಕಾರು ಹತ್ತಿಸಲು ಮಾಡಿದ ಇಳಿಜಾರು. ಮಳೆಗಾಲದಲ್ಲಿ ಇದನ್ನೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದ ಮೇಲೆ ಮುಖ್ಯರಸ್ತೆ, ಅದಕ್ಕೆ ಸಿಗ್ನಲ್ ಇಲ್ಲ. ನಕ್ಷೆಯಲ್ಲಿ ಏಳು ನಿಮಿಷ. ಮೊಣಕಾಲು ನೋವಿನ ಅಜ್ಜಿಗೆ ಆ ನಿಲ್ದಾಣ ಇದ್ದೂ ಇಲ್ಲದಂತೆಯೇ.

ಕೈಗೆಟುಕುವ ಮನೆ ಕಟ್ಟಲು ನಗರದೊಳಗೆ ಜಾಗವೆಲ್ಲಿದೆ?

ಸರ್ಕಾರದ ಬಳಿಯೇ ಇದೆ. ಬಸ್ ಡಿಪೋಗಳು, ನಿಲ್ದಾಣದ ಸುತ್ತ ಕಾಮಗಾರಿಗೆಂದು ಪಡೆದು ಉಳಿದ ತುಂಡುಗಳು, ಹಳೆಯ ಸರ್ಕಾರಿ ವಸತಿಗೃಹಗಳು. ನಗರಗಳ ಮೂಲಸೌಕರ್ಯಕ್ಕೆಂದು ಕೇಂದ್ರ ತಂದಿದ್ದ ನರ್ಮ್ ಯೋಜನೆಯ ಕಾಲದಲ್ಲಿ ಶಾಂತಿನಗರ, ಜಯನಗರ, ವಿಜಯನಗರ, ಯಶವಂತಪುರ, ದೊಮ್ಮಲೂರು ಮುಂತಾದ ಕಡೆ ಬಿಎಂಟಿಸಿ ಜಾಗದಲ್ಲಿ ದೊಡ್ಡ ಟಿಟಿಎಂಸಿ (ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರ) ಕಟ್ಟಡಗಳು ಎದ್ದವು. ಕೆಳಗೆ ಬಸ್ಸು, ಮೇಲೆ ವಾಣಿಜ್ಯ ಮಳಿಗೆ ಮತ್ತು ಪಾರ್ಕಿಂಗ್. ನಗರದ ನಡುವೆ, ಬಸ್ ನಿಲ್ದಾಣದ ನೆತ್ತಿಯ ಮೇಲೆ ಅಷ್ಟೊಂದು ಮಹಡಿ ಹಾಕಿದವರಿಗೆ ಎರಡು ಮಹಡಿ ಕಂಡಕ್ಟರುಗಳಿಗೂ ಪೌರಕಾರ್ಮಿಕರಿಗೂ ಮನೆ ಮಾಡೋಣ ಅನ್ನಿಸಲಿಲ್ಲ. ಶಾಂತಿನಗರದ ಕಟ್ಟಡದ ಮುಂದೆ ಹಾದುಹೋದಾಗಲೆಲ್ಲ ನನಗೆ ಇದೇ ಯೋಚನೆ.

ಸಾರ್ವಜನಿಕ ಜಮೀನನ್ನು ಒಮ್ಮೆ ಮಾರಿದರೆ ಮುಗಿಯಿತು. ದೀರ್ಘಾವಧಿ ಗುತ್ತಿಗೆಗೆ ಕೊಟ್ಟು, ಇಷ್ಟು ಮನೆ ಇಷ್ಟೇ ಬಾಡಿಗೆಗೆ ಎಂದು ಕರಾರಿನಲ್ಲೇ ಬರೆಯಬೇಕು. ಮೊದಲು ಮನೆ ಮುಗಿಯಬೇಕು, ಮಾಲ್ ಆಮೇಲೆ. ಈ ಕ್ರಮ ಏಕೆ ಮುಖ್ಯ ಎನ್ನಲು ಈಜಿಪುರ ಸಾಕು. ಅಲ್ಲಿನ ಆರ್ಥಿಕವಾಗಿ ದುರ್ಬಲ ವರ್ಗದವರ ವಸತಿಗೃಹಗಳನ್ನು ಖಾಸಗಿ ಸಹಭಾಗಿತ್ವದ ಯೋಜನೆಗಾಗಿ 2013ರ ಜನವರಿಯಲ್ಲಿ ತೆರವು ಮಾಡಿದರು. ಎಷ್ಟೋ ಕುಟುಂಬಗಳು ಅದೇ ಜಾಗದ ಪಕ್ಕದ ಕಾಲುದಾರಿಯಲ್ಲಿ ಶೀಟು ಕಟ್ಟಿಕೊಂಡು ಉಳಿದವು.

ನಾನು ಸಣ್ಣ ಸೈಟಿನ ಮಾಲೀಕ. ಬಾಡಿಗೆ ಏರಿದರೆ ನನಗೆ ಲಾಭವಲ್ಲವೇ?

ಲಾಭವೇ, ಬೇಡವೆನ್ನಲು ನಾನು ಯಾರು? ಎ ಖಾತೆ, ಅಂದರೆ ಪಾಲಿಕೆಯ ಲೆಕ್ಕದಲ್ಲಿ ಸಕ್ರಮವಾದ ಆಸ್ತಿಯ ದಾಖಲೆ ಇದ್ದರೆ ನಿಮ್ಮ ಕೈಯಲ್ಲಿ ಒಳ್ಳೆಯ ಇಸ್ಪೀಟ್ ಎಲೆಗಳಿವೆ. ಪೂರ್ತಿ ಸಕ್ರಮವಾಗದ ಬಿ ಖಾತೆಯವರಿಗೆ, ಕೃಷಿ ಜಮೀನಿನಲ್ಲಿ ಒಪ್ಪಿಗೆ ಇಲ್ಲದೆ ಮಾಡಿದ ರೆವೆನ್ಯೂ ಸೈಟಿನವರಿಗೆ ನಕ್ಷೆ ಮಂಜೂರಾತಿಯೇ ತಲೆನೋವು, ಹೆಚ್ಚುವರಿ ಎಫ್‌ಎಆರ್ ದೂರದ ಮಾತು. ಹಾಗಾಗಿ ಅವರು ದೊಡ್ಡವರಿಗೆ ಮಾರುವುದೇ ಸುಲಭ ಎಂದುಕೊಳ್ಳುತ್ತಾರೆ. ನನ್ನ ಸಲಹೆ ಹೀಗಿದೆ: ನಿಲ್ದಾಣದ ವಲಯದಲ್ಲಿ ಸಣ್ಣ ಸೈಟಿನವರು ಸಣ್ಣ ಬಾಡಿಗೆ ಮನೆಗಳನ್ನೇ ಉಳಿಸಿಕೊಂಡರೆ ಅವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಮಾದರಿ ನಕ್ಷೆ, ದುರಸ್ತಿಗೆ ಕಡಿಮೆ ಬಡ್ಡಿಯ ಸಾಲ ಸಿಗಬೇಕು. ಒಡೆದು ಗೋಪುರ ಕಟ್ಟುವವರಿಗಷ್ಟೇ ಸವಲತ್ತು ಎನ್ನುವ ನೀತಿ ನಿಮ್ಮನ್ನೂ ನಿಮ್ಮ ಬಾಡಿಗೆದಾರರನ್ನೂ ಒಟ್ಟಿಗೇ ಕಳುಹಿಸುತ್ತದೆ.

ಇಷ್ಟೊಂದು ಜನ ಒಂದೇ ಕಡೆ ಬಂದರೆ ನೀರೆಲ್ಲಿಂದ?

ಸರಿಯಾದ ಪ್ರಶ್ನೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರು ಇದನ್ನು ಕೇಳಿಯೇ ಕೇಳುತ್ತಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಸಾಮರ್ಥ್ಯ ಸೇರಿತು. ಅದು ಮುಖ್ಯವಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಒತ್ತಾಗಿ ಇರುವ ಜನರಿಗೆ ಕೊಳವೆ ಹಾಕುವುದು ಹರಡಿಕೊಂಡ ಬಡಾವಣೆಗಳಿಗೆ ಹಾಕುವುದಕ್ಕಿಂತ ಅಗ್ಗ, ನಿಜ. ಆದರೆ ಹಳೆಯ ಒಳಚರಂಡಿಯ ಮೇಲೆ ಎರಡು ಪಟ್ಟು ಮನೆ ಹೇರಿದರೆ ಮೊದಲ ಮಳೆಗೆ ಅದು ನೆಲಮಹಡಿಯ ಬಚ್ಚಲಲ್ಲಿ ಉಕ್ಕುತ್ತದೆ. ಕೊಳವೆ ಬದಲಾದ ಮೇಲೆ ಎಫ್‌ಎಆರ್ ಕೊಡಿ ಎಂದು ಹಟ ಹಿಡಿಯುವುದರಲ್ಲಿ ತಪ್ಪಿಲ್ಲ.

ಬೀದಿ ವ್ಯಾಪಾರಿಗಳ ಗತಿ?

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಸಮೀಕ್ಷೆ ಆಗದೆ ಎಬ್ಬಿಸುವಂತಿಲ್ಲ. ಸೊಪ್ಪು, ಹೂವು, ಇಡ್ಲಿ ಮಾರುವವರಿಗೆ ನಿಲ್ದಾಣದ ವಿನ್ಯಾಸದಲ್ಲೇ ಜಾಗ ಗುರುತಿಸಿದರೆ ಕಾಲುದಾರಿಯ ಜಗಳವೂ ತಪ್ಪುತ್ತದೆ.

ಬೇರೆ ಊರುಗಳಲ್ಲಿ ಹೇಗೆ?

ಸಿಂಗಪುರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಿವಾಸಿಗಳು ಸರ್ಕಾರಿ ಮಂಡಳಿ ಕಟ್ಟಿದ ಮನೆಗಳಲ್ಲಿದ್ದಾರೆ. ಅಲ್ಲಿ ಜಮೀನು ಬಹುತೇಕ ಸರ್ಕಾರದ್ದು, ನಮಗದು ಪೂರ್ತಿ ಹೊಂದುವುದಿಲ್ಲ. ಲಾಸ್ ಏಂಜಲೀಸ್‌ನ ಮಾದರಿ ನಮಗೆ ಹತ್ತಿರ. 2016ರಲ್ಲಿ ಅಲ್ಲಿನ ಮತದಾರರೇ ಒಪ್ಪಿದ ಕ್ರಮವೊಂದರಿಂದ, ಸಾರಿಗೆ ನಿಲ್ದಾಣದ ಬಳಿ ಹೆಚ್ಚು ಮನೆ ಕಟ್ಟಬೇಕೆನ್ನುವವರು ಅದರಲ್ಲಿ ಒಂದು ಪಾಲನ್ನು ಕಡಿಮೆ ಆದಾಯದವರಿಗೆ ಮೀಸಲಿಡಬೇಕಾಯಿತು. ಹೆಚ್ಚು ಮಹಡಿ ಬೇಕಾದರೆ ಮೀಸಲು ಪಾಲೂ ಹೆಚ್ಚು.

ನಾವು ಯಾರನ್ನು ಕೇಳಬೇಕು?

ಹಳಿ ಮೆಟ್ರೋ ನಿಗಮ ಬಿಎಂಆರ್‌ಸಿಎಲ್‌ನದು, ಬಸ್ಸು ಬಿಎಂಟಿಸಿಯದು, ಕೊಳೆಗೇರಿ ಅಭಿವೃದ್ಧಿ ಮಂಡಳಿಯದೇ ಬೇರೆ ಕಚೇರಿ, ನೀರು ಜಲಮಂಡಳಿಯದು. ಕಾಲುದಾರಿ 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಲ್ಲಿ ನಿಮ್ಮದು ಯಾವುದೋ ಅದರದು, ಎಲ್ಲದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಸಾರಿಗೆಯವರನ್ನೆಲ್ಲ ಒಂದೇ ಮೇಜಿಗೆ ತರಲೆಂದು 2022ರಲ್ಲಿ ಕಾಯ್ದೆ ಮಾಡಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ ರಚಿಸಿದರು, ಅದಕ್ಕೆ ಮುಖ್ಯಮಂತ್ರಿಯವರೇ ಅಧ್ಯಕ್ಷರು. ಹಳೆಯ ಮಹಾ ಯೋಜನೆಯ ಅವಧಿ ಮುಗಿದು ವರ್ಷಗಳಾದವು, 2031ರ ಕರಡನ್ನು ಹಿಂಪಡೆದರು. ಹೊಸ ಕರಡು ಬಂದಾಗ ಆಕ್ಷೇಪಣೆಗೆ ಕೊಡುವ ದಿನಗಳು ಕಡಿಮೆ ಇರುತ್ತವೆ. ಆಗ 'ಬಾಡಿಗೆದಾರರ ಎಣಿಕೆ ಮಾಡಿದ್ದೀರಾ?' ಎಂಬ ಒಂದೇ ಪ್ರಶ್ನೆಯನ್ನು ಸಾವಿರ ಜನ ಬರೆದು ಕಳುಹಿಸಿದರೂ ಸಾಕು. ಉಪನಗರ ರೈಲಿನ 148 ಕಿ.ಮೀ. ಮಾರ್ಗಗಳು, ಹೊರ ವರ್ತುಲ ರಸ್ತೆಯ ನೀಲಿ ಮಾರ್ಗ ಇನ್ನೂ ಬರಬೇಕಿವೆ. ಅಲ್ಲಿ ಜಮೀನು ಕಾದಿರಿಸಲು ಈಗಲೇ ಸಮಯ.

ಓನರ್ ಮುಂದಿನ ತಿಂಗಳು ಖಾಲಿ ಮಾಡಿ ಎಂದಿದ್ದಾರೆ. ಈ ಮಾತುಗಳಿಂದ ನನಗೇನು?

ಇವತ್ತಿಗೆ ಹೆಚ್ಚೇನೂ ಇಲ್ಲ, ಅದು ನಿಜ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ, ಹಾಗಾಗಿ ಬೆಂಗಳೂರಿನಲ್ಲಿ ಅದು ಹೆಚ್ಚಿನವರ ನೆರವಿಗೆ ಬಾರದು. ಆದರೂ ಕೆಲವು ಕೆಲಸ ಇಂದೇ ಮಾಡಿ. ಹನ್ನೊಂದು ತಿಂಗಳ ಕರಾರು ಪತ್ರ ತೆಗೆದು ನೋಟಿಸ್ ಅವಧಿ ಎಷ್ಟೆಂದು ನೋಡಿ. ಕರಾರೇ ಇಲ್ಲದಿದ್ದರೆ ತಿಂಗಳ ಬಾಡಿಗೆಗೆ ಕಾನೂನು ಹೇಳುವುದು ಕನಿಷ್ಠ 15 ದಿನದ ಲಿಖಿತ ನೋಟಿಸ್. ಅದಾದ ಮೇಲೂ ನೀವು ಒಪ್ಪದಿದ್ದರೆ ಓನರ್ ನ್ಯಾಯಾಲಯಕ್ಕೆ ಹೋಗಬೇಕು. ನೀರು ನಿಲ್ಲಿಸಿ, ಬೀಗ ಹಾಕಿ ಹೊರಗೆ ಕಳುಹಿಸುವಂತಿಲ್ಲ. ಅಡ್ವಾನ್ಸ್ ಕೊಟ್ಟದ್ದಕ್ಕೆ ಬ್ಯಾಂಕ್ ದಾಖಲೆ ಹುಡುಕಿಟ್ಟುಕೊಳ್ಳಿ. ಮನೆ ಒಡೆಯುವುದಕ್ಕೇ ಖಾಲಿ ಮಾಡಿಸುತ್ತಿದ್ದರೆ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಕಡಿಯಲು ಬಿಡಬೇಡಿ, ಒಡೆಯುವ ಗೋಡೆಗೆ ಬಣ್ಣವೇಕೆ? ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಹೋಗುವಾಗ ಕರಾರು ಪತ್ರ, ಬಾಡಿಗೆ ಕಟ್ಟಿದ ರಸೀದಿ ಅಥವಾ ಮೊಬೈಲ್ ಪಾವತಿಯ ಪ್ರತಿ, ವಿದ್ಯುತ್ ಬಿಲ್ಲು ಜೊತೆಗಿರಲಿ.